‘ಮೇಷ್ಟ್ರೇ, ಈ ಕೊರಿಯಾ ಸೀರಿಯಲ್ ನೋಡಿದ್ರೆ ಮಕ್ಕಳು ಕೆಡಲ್ವಾ?’

ಕೆಡಬಹುದು. ನೋಡದೆಯೂ ಕೆಡಬಹುದು. ಇದೇ ನನ್ನ ಉತ್ತರ. ಇಷ್ಟಕ್ಕೇ ಸಮಾಧಾನವಾದವರು ಎದ್ದು ಹೋಗಿ, ನನಗೂ ಸಂತೋಷ.

ಉಳಿದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ನನಗೆ 53 ವರ್ಷ. ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ಮಗಳು ಮನೆಗೆ ಬಂದು ಕೂತಾಗ ಅವಳ ಜೊತೆ ಕೊರಿಯಾದ ಧಾರಾವಾಹಿ ನೋಡುವ ಚಟ ಹತ್ತಿತು. ಅವಳು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದಳು, ಚಟ ನನ್ನ ಹತ್ತಿರವೇ ಉಳಿಯಿತು. ಹುಡುಗರು ಬೆನ್ನ ಹಿಂದೆ ‘ಕೊರಿಯಾ ಮೇಷ್ಟ್ರು’ ಅನ್ನುತ್ತಾರೆ. ಅದಕ್ಕೆ ಬೇಜಾರಿಲ್ಲ, ಮುಂಚೆ ಇದ್ದ ಅಡ್ಡಹೆಸರು ಇದಕ್ಕಿಂತ ಕೆಟ್ಟದಾಗಿತ್ತು.

ಬೇಜಾರಿರುವುದು ದೊಡ್ಡವರ ಮೇಲೆ. ನಾನು ಪ್ರೇಮಕಥೆ ನೋಡುತ್ತೇನೆ ಅಂದುಕೊಂಡಿದ್ದಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದರು. ಒಂದು ಸಲ ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ‘ಎಕ್ಸ್‌ಟ್ರಾಕರಿಕ್ಯುಲರ್’ ಅನ್ನುವ ಧಾರಾವಾಹಿಯ ಹೆಸರು ಹೇಳಿಬಿಟ್ಟೆ. ಯಾರೋ ಗೂಗಲ್ ಮಾಡಿದರು. ಹೈಸ್ಕೂಲು, ವೇಶ್ಯಾವಾಟಿಕೆ, ಬ್ಲ್ಯಾಕ್‌ಮೇಲ್, ರಕ್ತ. ಅವತ್ತಿನಿಂದ ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ‘ಅಲ್ಲಾ ಸಾರ್, ಮೇಷ್ಟ್ರಾಗಿ ಇಂಥದ್ದನ್ನ ನೋಡ್ತೀರಲ್ಲ’ ಅಂತ ಒಬ್ಬರಾದರೂ ಹಿಡಿದುಕೊಳ್ಳುತ್ತಾರೆ.

ಈ ‘ಆಗಿ’ ಅನ್ನುವ ಎರಡಕ್ಷರ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕಿರಾಣಿ ಅಂಗಡಿಯವರನ್ನು ‘ಅಂಗಡಿಯವರಾಗಿ ಇದನ್ನ ನೋಡ್ತೀರಲ್ಲ’ ಅಂತ ಯಾರಾದರೂ ಕೇಳಿದ್ದು ಉಂಟಾ? ಇನ್ನು ಕೇಳುವವರ ಮನೆಯಲ್ಲೋ, ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಕೊಲೆ ಸುದ್ದಿ. ಬಾಣಲೆಯಲ್ಲಿ ಎಣ್ಣೆ ಕುದಿಯುವಂಥ ಹಿನ್ನೆಲೆ ಸಂಗೀತ, ಹೆಣದ ಸುತ್ತ ಕೆಂಪು ವೃತ್ತ. ಮಗು ಅದನ್ನೇ ನೋಡುತ್ತಾ ಅನ್ನ ಸಾರು ಉಣ್ಣುತ್ತಿರುತ್ತದೆ. ಅದು ಸುದ್ದಿಯಂತೆ, ಪರವಾಗಿಲ್ಲವಂತೆ.

ಹೋದ ವರ್ಷ ಅರಸೀಕೆರೆಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೆ. ಎಡಗಡೆ ನನ್ನ ಸೋದರತ್ತೆ. 80 ದಾಟಿದೆ, ಕಿವಿ ಮಾತ್ರ ಚುರುಕು. ಬಲಗಡೆ ನಮ್ಮ ಕಾಲೇಜಿನ ಹುಡುಗಿಯೊಬ್ಬಳ ತಂದೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಅವರು ಕೇಳಿದರು: ‘ಅದೇನ್ ಸಾರ್ ಆ ಕೊರಿಯಾ ಸೀರಿಯಲ್ಲು? ಎಲ್ಲರೂ ಹೇಳ್ತಾರೆ. ಏನಿದೆ ಅದರಲ್ಲಿ?’

ತುಪ್ಪದ ಹೊತ್ತಿನಲ್ಲಿ ಕೇಳಬಾರದಿತ್ತು. ನನಗೆ ಸಿಟ್ಟು ಬಂತು, ಪೂರ್ತಿ ಹೇಳಿಬಿಟ್ಟೆ.

ಓ ಜಿಸೂ ಅಂತ ಒಬ್ಬ ಹುಡುಗ. ಹೈಸ್ಕೂಲು. ಓದಿನಲ್ಲಿ ಮುಂದು, ಮಾತು ಕಡಿಮೆ, ಯಾರ ತಂಟೆಗೂ ಹೋಗುವವನಲ್ಲ. ಅವನ ಆಸೆಯೂ ನಮ್ಮ ನಿಮ್ಮ ಮಕ್ಕಳ ಆಸೆಯೇ: ಕಾಲೇಜು ಸೇರಬೇಕು, ಕೆಲಸ ಸಿಗಬೇಕು, ಎಲ್ಲರ ಹಾಗೆ ಬದುಕಬೇಕು. ಅದಕ್ಕೆ ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕಿಟ್ಟಿದ್ದಾನೆ. ಆ ದುಡ್ಡು ದುಡಿಯಲು ಫೋನಿನಲ್ಲೇ ಒಂದು ದಂಧೆ ನಡೆಸುತ್ತಾನೆ. ಮೈ ಮಾರುವ ಹೆಣ್ಣುಮಕ್ಕಳಿಗೆ ಗಿರಾಕಿ ಗೊತ್ತು ಮಾಡುವುದು, ಗಿರಾಕಿ ಮೈಮೇಲೆ ಬಂದರೆ ಬಿಡಿಸಲು ಆಳು ಕಳಿಸುವುದು. ಇವನ ಭಾಷೆಯಲ್ಲಿ ಅದರ ಹೆಸರು ‘ಸೆಕ್ಯುರಿಟಿ’. ಆ ಆಳು ಲೀ ವಾಂಗ್‌ಚಲ್, ವಯಸ್ಸಾದವನು, ಯಜಮಾನ ಯಾರೆಂದು ಗೊತ್ತಿಲ್ಲದೆ ದುಡಿಯುತ್ತಾನೆ. ಹಾಗೆ ಹೋಗುವ ಹುಡುಗಿಯರಲ್ಲಿ ಮಿನ್‌ಹೀ ಅನ್ನುವವಳು ಜಿಸೂನ ಕ್ಲಾಸಿನವಳೇ. ಫೋನಿನ ಆಚೆ ಯಾರೋ ದೊಡ್ಡವನಿದ್ದಾನೆ ಅಂತ ಅವಳ ನಂಬಿಕೆ. ಆಮೇಲೆ ಅದೇ ಕ್ಲಾಸಿನ ಶ್ರೀಮಂತರ ಮಗಳು ಗ್ಯೂರಿಗೆ ಗುಟ್ಟು ತಿಳಿಯುತ್ತದೆ. ಅವಳು ಪೊಲೀಸರ ಹತ್ತಿರ ಹೋಗುವುದಿಲ್ಲ, ಪಾಲು ಕೇಳುತ್ತಾಳೆ.

ಇಷ್ಟು ಹೇಳುವಷ್ಟರಲ್ಲಿ ಪಂಕ್ತಿ ತಣ್ಣಗಾಗಿತ್ತು. ಸಾರು ಬಡಿಸುವ ಹುಡುಗ ಸೌಟು ಎತ್ತಿಕೊಂಡು ನಿಂತೇ ಇದ್ದ. ಬಲಗಡೆಯವರು ‘ಛೆ ಛೆ’ ಅಂದರು. ‘ಮಕ್ಕಳು ಇದನ್ನ ನೋಡಿ ಐಡಿಯಾ ಕಲಿಯಲ್ವಾ ಸಾರ್?’ ಎದುರು ಸಾಲಿನಿಂದ ಇನ್ನೊಬ್ಬರು, ‘ಆ ದೇಶನೇ ಹಂಗೆ’ ಅಂತ ಷರಾ ಬರೆದರು.

ಆಗ ಎಡಗಡೆಯಿಂದ ಅತ್ತೆ ಕೇಳಿತು: ‘ಅಲ್ವೋ, ಆ ಹುಡುಗಂಗೆ ಊಟ ಹಾಕ್ತಿದ್ದೋರು ಯಾರೋ?’

ನಾನು ತುತ್ತು ಕೈಯಲ್ಲಿ ಹಿಡಿದುಕೊಂಡು ಕೂತೆ. ಐದು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಅದು. ಕಥೆಯ ನರ ಇರುವುದೇ ಅಲ್ಲಿ. ಯಾರೂ ಹಾಕುತ್ತಿರಲಿಲ್ಲ. ತಾಯಿ ಬಿಟ್ಟು ಹೋಗಿದ್ದಾಳೆ, ತಂದೆಯೂ ಹೋಗಿದ್ದಾನೆ. ಹುಡುಗ ಒಂದು ಕೋಣೆಯಲ್ಲಿ ಒಬ್ಬನೇ ಇದ್ದು, ಬಾಡಿಗೆ ಕಟ್ಟಿಕೊಂಡು, ತಾನೇ ಏನೋ ತಿಂದುಕೊಂಡು ಸ್ಕೂಲಿಗೆ ಬರುತ್ತಾನೆ. ಜೊತೆಗೆ ಒಂದು ಸನ್ಯಾಸಿ ಏಡಿ ಸಾಕಿದ್ದಾನೆ. ಬೇರೆ ಯಾವುದೋ ಜೀವಿ ಬಿಟ್ಟುಹೋದ ಚಿಪ್ಪಿನೊಳಗೆ ಸೇರಿಕೊಂಡು ಬದುಕುವ ಪ್ರಾಣಿ ಅದು. ತಂದೆ ಅನ್ನಿಸಿಕೊಂಡವನು ಜೂಜುಕೋರ. ಅವನು ತಿರುಗಿ ಬರುವುದು ಮಗ ಕೂಡಿಟ್ಟ ದುಡ್ಡು ಕದಿಯುವುದಕ್ಕೆ.

ಅತ್ತೆಗೆ ಇದನ್ನೆಲ್ಲ ಹೇಳಿದೆ. ‘ಥೂ’ ಅಂದು ಹೋಳಿಗೆ ಮುರಿಯಿತು.

ಬಲಗಡೆಯವರಿಗೆ ಅವತ್ತು ಹೇಳದೆ ಉಳಿಸಿಕೊಂಡಿದ್ದನ್ನು ಇಲ್ಲಿ ಹೇಳುತ್ತೇನೆ. ಧಾರಾವಾಹಿ ನೆಟ್‌ಫ್ಲಿಕ್ಸಿಗೆ ಬಂದದ್ದು 2020ರ ಏಪ್ರಿಲ್ 29ಕ್ಕೆ, ಹತ್ತು ಕಂತು. ಅದಕ್ಕೆ ಒಂದು ತಿಂಗಳ ಹಿಂದೆ, ಮಾರ್ಚಿನಲ್ಲಿ, ಕೊರಿಯಾದ ಪೊಲೀಸರು ಚೋ ಜುಬಿನ್ ಅನ್ನುವವನನ್ನು ಹಿಡಿದಿದ್ದರು. ಟೆಲಿಗ್ರಾಮಿನ ಗುಂಪುಗಳಲ್ಲಿ ಹೆಣ್ಣುಮಕ್ಕಳನ್ನು ಬೆದರಿಸಿ, ಅವರ ವಿಡಿಯೊ ಮಾಡಿಸಿ, ದುಡ್ಡು ಕೊಟ್ಟವರಿಗೆ ಹಂಚುತ್ತಿದ್ದ. ಬಲಿಯಾದವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು. ಅವನಿಗೆ 24 ವರ್ಷ, ಜೊತೆಗಾರರಲ್ಲಿ ಒಬ್ಬನಿಗೆ 18. ಮುಂದೆ ಚೋ ಜುಬಿನ್‌ಗೆ 42 ವರ್ಷ ಜೈಲಾಯಿತು. ಧಾರಾವಾಹಿಯ ಕಥೆ ಬರೆದದ್ದು ಆ ಬಂಧನಕ್ಕಿಂತ ಮುಂಚೆ. ಆ 18ರ ಹುಡುಗ ಐಡಿಯಾ ಕಲಿತದ್ದು ಯಾವ ಸೀರಿಯಲ್ ನೋಡಿ, ಹೇಳಿ?

ಇನ್ನೊಂದು ತಮಾಷೆ. ಕೊರಿಯಾದಲ್ಲಿ ಇದಕ್ಕೆ ಕೊಟ್ಟದ್ದು ವಯಸ್ಕರಿಗೆ ಮಾತ್ರ ಅನ್ನುವ ಸರ್ಟಿಫಿಕೇಟು. ಅಂದರೆ ಜಿಸೂ, ಗ್ಯೂರಿ, ಮಿನ್‌ಹೀ ಮೂವರೂ ತಮ್ಮ ಕಥೆಯನ್ನೇ ನೋಡುವ ಹಾಗಿಲ್ಲ. ಆದ್ದರಿಂದ ‘ಮಕ್ಕಳ ಜೊತೆ ಕೂತು ನೋಡಬಹುದಾ ಸಾರ್’ ಅನ್ನುವವರಿಗೆ ಉತ್ತರ: ಬೇಡ. ಮಕ್ಕಳು ಮಲಗಿದ ಮೇಲೆ ನೀವು ನೋಡಿ. ಇದು ನಿಮ್ಮ ವಯಸ್ಸಿನವರಿಗೆ ತೆಗೆದಿದ್ದು.

ಕೊರಿಯನ್ ಭಾಷೆಯಲ್ಲಿ ಇದರ ಹೆಸರು ‘ಇಂಗಾನ್ ಸುಅಪ್’. ಮನುಷ್ಯ ಪಾಠ ಅನ್ನಬಹುದು. ಆ ಹೆಸರೇ ನನಗೆ ಹಿಡಿಸಿದ್ದು. ಬರೆದವನು ಜಿನ್ ಹಾನ್‌ಸೇ. ಅವನ ತಾಯಿ ಸಾಂಗ್ ಜಿನಾ, 1995ರ ‘ಸ್ಯಾಂಡ್‌ಗ್ಲಾಸ್’ ಧಾರಾವಾಹಿ ಬರೆದವರು; ಅದರ ನಾಯಕ ಚೋಯ್ ಮಿನ್‌ಸೂನೇ ಇಲ್ಲಿ ಮಗನ ಕಥೆಯಲ್ಲಿ ಮುದುಕ ವಾಂಗ್‌ಚಲ್ ಆಗಿ ಬರುತ್ತಾನೆ. ಇದು ಕಥೆಗೆ ಸಂಬಂಧವಿಲ್ಲ, ನನಗೆ ಇಂಥದ್ದೆಲ್ಲ ಗೊತ್ತಿರುತ್ತದೆ, ಅಷ್ಟೇ. ಗ್ಯೂರಿಯಾಗಿ ಮಾಡಿದ ಪಾರ್ಕ್ ಜುಹ್ಯುನ್‌ಗೆ 2021ರಲ್ಲಿ ಕೊರಿಯಾದ ಟಿವಿ, ಸಿನಿಮಾದವರಿಗೆ ಕೊಡುವ ಬೇಕ್‌ಸಾಂಗ್ ಹೊಸನಟಿ ಪ್ರಶಸ್ತಿ ಬಂತು. ನ್ಯಾಯವಾಗಿಯೇ ಬಂತು.

‘ಆ ದೇಶನೇ ಹಂಗೆ’ ಅಂದವರಿಗೂ ಒಂದು ಮಾತು. ಆ ದೇಶದಲ್ಲಿ ನವೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ನಡೆಯುವ ದಿನ, ಇಂಗ್ಲಿಷ್ ಕೇಳಿ ಉತ್ತರ ಬರೆಯುವ ಹೊತ್ತಿನಲ್ಲಿ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ತಡವಾದ ಹುಡುಗರನ್ನು ಪೊಲೀಸರು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಬಿಡುತ್ತಾರೆ. ಸೋಲ್ ನಗರದಲ್ಲಿ ಟ್ಯೂಷನ್ ಸೆಂಟರುಗಳು ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು ಅಂತ ನಿಯಮ ಮಾಡಬೇಕಾಗಿ ಬಂದಿದೆ. ಇದನ್ನು ಓದಿ ನಿಮಗೆ ಬೇರೆ ದೇಶದ ಕಥೆ ಅನ್ನಿಸಿದರೆ, ಸಿಇಟಿ ದಿನ ಬೆಳಗ್ಗೆ ನಮ್ಮ ಕಾಲೇಜಿನ ಗೇಟಿನ ಹತ್ತಿರ ಬಂದು ನಿಲ್ಲಿ. ವಿಮಾನ ಒಂದು ಇಲ್ಲ ನಮ್ಮೂರಲ್ಲಿ, ಇದ್ದಿದ್ದರೆ ಅದನ್ನೂ ನಿಲ್ಲಿಸುತ್ತಿದ್ದರು.

ಕಾನೂನಿನ ಕಥೆ ಬೇಕಾದವರು 2022ರ ‘ಜುವೆನೈಲ್ ಜಸ್ಟಿಸ್’ ನೋಡಿ. ಬಾಲಾಪರಾಧಿಗಳನ್ನು ಕಂಡರಾಗದ ಒಬ್ಬ ಜಡ್ಜಮ್ಮ, ಕಿಮ್ ಹೇಸೂ ಚೆನ್ನಾಗಿ ಮಾಡಿದ್ದಾಳೆ. ಅಲ್ಲಿ 14 ತುಂಬದವರಿಗೆ ಕ್ರಿಮಿನಲ್ ಶಿಕ್ಷೆ ಇಲ್ಲ ಅನ್ನುವುದರ ಸುತ್ತ ಜಗಳ ನಡೆದೇ ಇದೆ. ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆ ಬಂದಮೇಲೆ, ಘೋರ ಅಪರಾಧವಾದರೆ 16 ದಾಟಿದವರನ್ನು ದೊಡ್ಡವರಂತೆ ವಿಚಾರಣೆ ಮಾಡಲು ದಾರಿಯಿದೆ. ಯಾವ ವಯಸ್ಸಿಗೆ ಶಿಕ್ಷೆ ಕೊಡಬೇಕು ಅನ್ನುವುದರ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇದೆ. ಸರಿ, ಇರಲಿ.

ನನಗೆ ಚುಚ್ಚಿದ್ದು ಆ ಧಾರಾವಾಹಿಯ ಮೇಷ್ಟ್ರು. ಒಳ್ಳೆಯ ಮನುಷ್ಯ. ಜಿಸೂ ಬಗ್ಗೆ ನಿಜವಾಗಿ ಕಾಳಜಿ ಇದೆ. ಹುಡುಗ ಯಾರ ಜೊತೆಗೂ ಬೆರೆಯುವುದಿಲ್ಲ ಅಂತ ಕರೆದು ಮಾತಾಡುತ್ತಾನೆ, ಸಾಮಾಜಿಕ ಸಮಸ್ಯೆಗಳ ಕುರಿತ ಕ್ಲಬ್ಬಿಗೆ ಸೇರಿಸುತ್ತಾನೆ. ಸಾಮಾಜಿಕ ಸಮಸ್ಯೆ ಎದುರಿಗೇ ಕೂತು ನೋಟ್ಸ್ ಬರೆದುಕೊಳ್ಳುತ್ತಿರುತ್ತದೆ, ಅವನಿಗೆ ಕಾಣುವುದಿಲ್ಲ. ಆ ದೃಶ್ಯಗಳಲ್ಲಿ ಮಗಳು ನಗುತ್ತಿದ್ದಳು. ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ.

ಯಾಕೆಂದರೆ ನನಗೂ ಒಬ್ಬ ಇದ್ದ. ಸುಮಾರು ಹತ್ತು ವರ್ಷದ ಹಿಂದೆ, ಸೆಕೆಂಡ್ ಪಿಯು, ಸೈನ್ಸು. ಮೂರನೇ ಬೆಂಚಿನ ಗೋಡೆ ಪಕ್ಕ ಕೂರುತ್ತಿದ್ದ. ಹಳ್ಳಿಯಿಂದ ಬಂದು ಊರಲ್ಲಿ ರೂಮು ಮಾಡಿಕೊಂಡಿದ್ದ ಅಂತ ಆಮೇಲೆ ತಿಳಿಯಿತು. ಒಂದು ದಿನ ಅವನ ರಫ್ ನೋಟ್‌ಬುಕ್ಕಿನ ಹಿಂದಿನ ಪುಟ ಕಣ್ಣಿಗೆ ಬಿತ್ತು. ಸ್ಕೇಲಿಟ್ಟು ಗೆರೆ ಎಳೆದ ಕೋಷ್ಟಕ, ಒಂದೊಂದು ಸಾಲಿನಲ್ಲೂ ಎರಡಕ್ಷರದ ಹೆಸರು, ಅಂಕಿ, ಕೂಡಿಸಿದ್ದು, ಕಳೆದಿದ್ದು. ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ. ಪುಸ್ತಕ ಎತ್ತಿ ಇಡೀ ಕ್ಲಾಸಿಗೆ ತೋರಿಸಿದೆ. ‘ಲೆಕ್ಕ ಅಂದ್ರೆ ಹಿಂಗಿರಬೇಕು ನೋಡ್ರೋ.’ ಹಿಂದಿನ ಬೆಂಚಿನವರು ಬಿದ್ದು ಬಿದ್ದು ನಕ್ಕರು. ಹೊಟ್ಟೆಕಿಚ್ಚು ಅಂದುಕೊಂಡೆ.

ಅದು ಐಪಿಎಲ್ ಬೆಟ್ಟಿಂಗಿನ ಲೆಕ್ಕ. ನಗುತ್ತಿದ್ದವರ ಹೆಸರೇ ಆ ಸಾಲುಗಳಲ್ಲಿದ್ದವು. ಅವನು ಆಡುತ್ತಿರಲಿಲ್ಲವಂತೆ, ಯಾರಿಗೋ ಕಲೆಕ್ಷನ್ ಮಾಡಿಕೊಟ್ಟು ಕಮಿಷನ್ ಇಟ್ಟುಕೊಳ್ಳುತ್ತಿದ್ದನಂತೆ. ಒಬ್ಬ ಹುಡುಗ ಮನೆಯಲ್ಲಿ ಅಮ್ಮನ ಉಂಗುರ ಕದ್ದು ಸಿಕ್ಕಿಬಿದ್ದ, ಅವರಪ್ಪ ಕಾಲೇಜಿಗೆ ಬಂದು ಕೂಗಾಡಿದರು, ಎಲ್ಲ ಹೊರಗೆ ಬಂತು. ಒಂದೇ ವಾರದಲ್ಲಿ ಟಿಸಿ ಕೊಟ್ಟು ಕಳಿಸಿದೆವು. ಅಷ್ಟು ದಿನ ಸ್ಟಾಫ್ ರೂಮಿನಲ್ಲಿ ನಡೆದ ಚರ್ಚೆ ಏನು ಗೊತ್ತಾ? ಮೊಬೈಲು. ಹುಡುಗರು ಮೊಬೈಲಿನಿಂದ ಕೆಟ್ಟರು ಅಂತ. ನಾನೂ ತಲೆ ಆಡಿಸಿದೆ. ಅವನದು ಪುಸ್ತಕ, ಪೆನ್ಸಿಲ್, ಸ್ಕೇಲು. ಮೊಬೈಲ್ ಅವನ ಹತ್ತಿರ ಇತ್ತೋ ಇಲ್ಲವೋ.

ಹೋದ ತಿಂಗಳು ಅತ್ತೆ ಫೋನ್ ಮಾಡಿತ್ತು. ಮಂಡಿ ನೋವು, ಮೊಮ್ಮಗನ ಮದುವೆ, ಎಲ್ಲ ಆದಮೇಲೆ ಕೇಳಿತು: ‘ಆ ಹುಡುಗ ಕೊನೆಗೇನಾದ್ನೋ?’

‘ಅದು ತೋರಿಸಲ್ಲ ಅತ್ತೆ. ಎಲ್ಲಿಗೆ ಹೋದ ಅಂತ ಹೇಳದೇ ನಿಲ್ಲಿಸಿಬಿಟ್ಟಿದ್ದಾರೆ. ಮುಂದಿನ ಭಾಗಾನೂ ಬಂದಿಲ್ಲ.’

‘ಅದಲ್ವೋ. ನಿಮ್ಮ ಕಾಲೇಜಿನ ಹುಡುಗ. ಲೆಕ್ಕ ಬರೀತಿದ್ನಲ್ಲ.’

ಗೃಹಪ್ರವೇಶದ ದಿನ ವಾಪಸ್ ಬರುವಾಗ ಕಾರಿನಲ್ಲಿ ಅದನ್ನೂ ಹೇಳಿದ್ದೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಗೊತ್ತಿಲ್ಲ ಅಂದೆ. ಎಲ್ಲಿದ್ದ, ಯಾರ ರೂಮು, ಎಲ್ಲಿ ಉಣ್ತಿದ್ದ ಅಂತ ಒಂದಾದ ಮೇಲೊಂದು ಕೇಳಿತು. ಮಾರನೆಯ ದಿನ ಕಾಲೇಜಿಗೆ ಹೋಗಿ, ಕ್ಲರ್ಕಿಗೆ ಏನೋ ಸುಳ್ಳು ಹೇಳಿ ಹಳೆಯ ಅಡ್ಮಿಷನ್ ರಿಜಿಸ್ಟರ್ ತೆಗೆಸಿದೆ. ವಿಳಾಸ ಅಂತ ಇದ್ದದ್ದು ಹಳ್ಳಿಯ ಮನೆಯದು. ಪೋಷಕರ ಸಹಿ ಇರಬೇಕಾದ ಕಡೆ ಅವನದೇ ಕೈಬರಹ. ಆ ಅಚ್ಚುಕಟ್ಟು ಅಂಕಿಗಳಲ್ಲಿ ತಾರೀಕು ಬೇರೆ ಹಾಕಿದ್ದ. ಪಕ್ಕದಲ್ಲಿ ‘ಪರಿಶೀಲಿಸಿದೆ’ ಅಂತ ನನ್ನ ಸಹಿ ಇತ್ತು.