ಪಕ್ಕದವರ ದನಿ

ಹೊಸ ಹಾಡು ಕೈಗೆ ಬಂದ ದಿನ ನಮ್ಮ ಕಾಲೇಜಿನ ಗಾಯನ ವೃಂದದಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಹಾರ್ಮೋನಿಯಂ ಸುತ್ತ ಕೂತು ಲೆಕ್ಕ ಹಾಕುವುದೇ ಅವತ್ತಿನ ಕೆಲಸ. ಹಾಡು ಎಲ್ಲಿಗೆ ಇಳಿಯುತ್ತದೆ, ಎಲ್ಲಿಗೆ ಏರುತ್ತದೆ, ಮೇಲೆ ಹೋಗಿ ಎಷ್ಟು ಹೊತ್ತು ನಿಲ್ಲುತ್ತದೆ? ತಂಡದಲ್ಲಿ 16 ಜನ, ಅರ್ಧ ಹುಡುಗಿಯರು, ಅರ್ಧ ಹುಡುಗರು. ಎಲ್ಲರಿಗೂ ಒಗ್ಗುವ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಷಡ್ಜದ (ಸ) ಎತ್ತರ, ಸಿಗದೆ ರಾಗ, ತಾಳ, ಭಾವದ ಮಾತೆತ್ತಿ ಪ್ರಯೋಜನವಿಲ್ಲ. ಈಗ ತಂಡ ಸೇರಿರುವವರಿಗೆ ಉಪಯೋಗವಾದೀತೆಂದು ಆ ಲೆಕ್ಕಗಳನ್ನೇ ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ.

ಕರ್ನಾಟಕ ಸಂಗೀತ ಕಲಿತ ಹುಡುಗಿಯರಿಗೆ ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆ ರೂಢಿ. (ಷಡ್ಜ ಹಾರ್ಮೋನಿಯಂನ ಎಷ್ಟನೆಯ ಕೀಲಿಯಲ್ಲಿದೆ ಅನ್ನುವುದೇ ಮನೆಯ ಲೆಕ್ಕ, ಅರ್ಧ ಅಂದರೆ ಕಪ್ಪು ಕೀಲಿ.) ಹುಡುಗರಿಗೆ ಒಂದು, ಒಂದೂವರೆ. ಎಲ್ಲರನ್ನೂ ಐದೂವರೆಗೆ ಎಳೆದರೆ ಹುಡುಗರಿಗೆ ಎರಡೂ ಕಡೆ ಕಷ್ಟ: ಮೇಲಿನ ಸ್ಥಾಯಿ ಹಿಡಿದರೆ ಚರಣದಲ್ಲಿ ಗಂಟಲು ಕಟ್ಟುತ್ತದೆ, ಕೆಳಗಿನದು ಹಿಡಿದರೆ ಪಲ್ಲವಿ ಬರೀ ಗೊಣಗಾಟ. ಒಂದೂವರೆ ಮನೆ, ಅಂದರೆ ಹಾರ್ಮೋನಿಯಂನವರು ಹೇಳುವ ಕಪ್ಪು ಒಂದು, ಇಟ್ಟರೆ ಹುಡುಗರು ಹಾಯಾಗಿ ಹಾಡುತ್ತಾರೆ, ಹುಡುಗಿಯರು ಅದನ್ನೇ ಒಂದು ಸ್ಥಾಯಿ ಮೇಲೆ ಹಾಡುತ್ತಾರೆ. ಆದರೆ ಆ ಶ್ರುತಿಯ ತಾರಷಡ್ಜ, ಅಂದರೆ ಮೇಲಿನ ಸ, ಐದೂವರೆಯವರ ಲೆಕ್ಕದಲ್ಲಿ ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಶುದ್ಧ ಮಧ್ಯಮ (ಮ). ಮುಟ್ಟಿ ಇಳಿಯುವುದಾದರೆ ಪರವಾಗಿಲ್ಲ, ಅಲ್ಲೇ ನಿಂತು ಸಾಹಿತ್ಯ ಹೇಳಬೇಕಾದರೆ ಕಿರುಚಿದಂತಾಗುತ್ತದೆ. ಹಾಡು ತಾರ ಗಾಂಧಾರದವರೆಗೆ (ಮೇಲಿನ ಗ) ಹೋಗುವಂತಿದ್ದರೆ ಒಂದು ಮನೆಗೆ ಇಳಿಸುತ್ತಿದ್ದೆವು. ಇಲ್ಲವೇ ಆ ಎರಡು ಸಾಲನ್ನು ಮೇಲೆ ಸಲೀಸಾಗಿ ಹೋಗುವ ಮೂವರಿಗೆ ಬಿಟ್ಟು ಉಳಿದವರು ಷಡ್ಜ ಹಿಡಿಯುತ್ತಿದ್ದೆವು. ಅರ್ಧ ಮನೆಯಲ್ಲಿ ಏನಿದೆ ಮಹಾ ಅನ್ನಿಸಬಹುದು. ಮೂರನೆಯ ಸಲ ಅದೇ ಚರಣ ಹಾಡುವಾಗ ಏನಿದೆ ಅಂತ ಗೊತ್ತಾಗುತ್ತದೆ.

ಗಂಟಲು ಬಿಸಿ ಮಾಡಿಕೊಳ್ಳಲು ಹತ್ತು ನಿಮಿಷ ಸಾಕು. ತುಟಿ ಮುಚ್ಚಿ ಮಧ್ಯ ಷಡ್ಜದಲ್ಲಿ ಗುನುಗುವುದು, ಆಮೇಲೆ ಅಕಾರದಲ್ಲಿ ಸರಳೆ ವರಸೆ (ಸರಿಗಮದ ಮೊದಲ ಪಾಠ), ಮೊದಲ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ ಮಾತ್ರ. ಇಲ್ಲಿ ವೇಗ ತೋರಿಸುವವರನ್ನು ಕಂಡರೆ ನನಗೆ ಈಗಲೂ ಅನುಮಾನ.

ಅಭ್ಯಾಸಕ್ಕೆ ಸಾಲಾಗಿ ನಿಲ್ಲಬಾರದು, ಒಳಮುಖವಾಗಿ ವೃತ್ತಾಕಾರದಲ್ಲಿ ನಿಲ್ಲಬೇಕು. ಸಾಲಿನಲ್ಲಿ ನಿಂತವನಿಗೆ ಅಕ್ಕಪಕ್ಕದ ಇಬ್ಬರು ಬಿಟ್ಟರೆ ತನ್ನದೇ ದನಿ. ವೃತ್ತದಲ್ಲಿ 15 ಜನರೂ ಕೇಳಿಸುತ್ತಾರೆ. ಶ್ರುತಿ ಗಟ್ಟಿಯಿಲ್ಲದವರನ್ನು ಇಬ್ಬರು ಗಟ್ಟಿಗರ ನಡುವೆ ನಿಲ್ಲಿಸುವುದು, ಜೋರು ದನಿಯವರನ್ನು ಹಿಂದಕ್ಕೆ ಕಳಿಸುವುದು, ಇದೆಲ್ಲ ಮೊದಲ ವಾರದಲ್ಲೇ ಮುಗಿಯಬೇಕು. ಅಳತೆ ಸುಲಭ: ಪಕ್ಕದವರ ದನಿ ಕೇಳಿಸುತ್ತಿಲ್ಲ ಅಂದರೆ ನಾವು ಹೆಚ್ಚು ಜೋರಾಗಿ ಹಾಡುತ್ತಿದ್ದೇವೆ. ಕೊನೆಯ ವಾರದಲ್ಲಿ ಸಭೆಗೆ ಮುಖ ಮಾಡಿ ನಿಂತಾಗ ಆ ಕೇಳ್ಮೆ ಅರ್ಧಕ್ಕರ್ಧ ಹೋಗುತ್ತದೆ, ಎಲ್ಲರೂ ಗಾಬರಿಯಿಂದ ದನಿ ಏರಿಸುತ್ತಾರೆ. ಅದಕ್ಕೇ ಹತ್ತು ದಿನ ಮುಂಚೆಯೇ ಅರ್ಧಚಂದ್ರಾಕಾರಕ್ಕೆ ಬಂದುಬಿಡುವುದು ಒಳ್ಳೆಯದು.

ಶ್ರುತಿ ಸೇರುವುದೆಂದರೆ ಏನೆಂದು ಹೊಸಬರಿಗೆ ತೋರಿಸಲು ಒಂದು ಉಪಾಯವಿತ್ತು. ಇಬ್ಬರನ್ನು ಎದುರುಬದುರು ನಿಲ್ಲಿಸಿ ಒಂದೇ ಷಡ್ಜವನ್ನು ಅಕಾರದಲ್ಲಿ ಹಿಡಿಸುವುದು. ಇಬ್ಬರ ಕಂಪನದಲ್ಲಿ ಸೆಕೆಂಡಿಗೆ ಎರಡರಷ್ಟು ವ್ಯತ್ಯಾಸವಿದ್ದರೆ ದನಿ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತದೆ, ಜೋಕಾಲಿ ಜೀಕಿದ ಹಾಗೆ. ಒಬ್ಬರು ಕದಲದೆ ನಿಂತು ಇನ್ನೊಬ್ಬರು ನಿಧಾನವಾಗಿ ಹತ್ತಿರ ಬಂದರೆ ಜೀಕು ಸಾವಕಾಶವಾಗುತ್ತದೆ, ಉದ್ದವಾಗುತ್ತದೆ, ನಿಂತೇ ಹೋಗುತ್ತದೆ. ಆ ಗಳಿಗೆಯಲ್ಲಿ ಇಬ್ಬರಿಗೂ ತಮ್ಮ ದನಿ ಯಾವುದೆಂದು ಗೊತ್ತಾಗುವುದಿಲ್ಲ. ಒಬ್ಬರೇ ಎಷ್ಟು ಚೆನ್ನಾಗಿ ಹಾಡಿದರೂ ಸಿಗದ ಸುಖ ಅದು. ವೃಂದಕ್ಕೆ ಸೇರಿದವರು ಆಮೇಲೆ ಬಿಟ್ಟುಹೋಗದಿರುವುದಕ್ಕೆ ಮುಕ್ಕಾಲು ಪಾಲು ಇದೇ ಕಾರಣ ಅಂತ ನನ್ನ ಲೆಕ್ಕ.

ಇದಕ್ಕೆ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಆಗಬೇಕು, ಹಾರ್ಮೋನಿಯಂ ನುಡಿಸುತ್ತಾ ಮಾಡಬಾರದು. ಹಾರ್ಮೋನಿಯಂನ ಹನ್ನೆರಡು ಮನೆಗಳು ಸಮನಾಗಿ ಹಂಚಿದವು. ಅದರ ಅಂತರ ಗಾಂಧಾರ (ಎತ್ತರದ ಬಗೆಯ ಗ) ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರಕ್ಕಿಂತ ಒಂದು ಕೂದಲೆಳೆ ಮೇಲಿರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಮಟ್ಟು ಕಲಿಯುವಾಗ ಹಾರ್ಮೋನಿಯಂ, ದನಿ ಕೂಡಿಸುವಾಗ ತಂಬೂರಿ ಎಂದು ಬೇರೆ ಮಾಡಿಕೊಂಡರೆ ತಲೆನೋವಿಲ್ಲ.

ಇಡೀ ತಂಡ ಒಟ್ಟಾಗಿ ಶ್ರುತಿ ಇಳಿಯುವುದೂ ಉಂಟು. ಹಾಡುತ್ತಿರುವವರಿಗೆ ಅದು ಗೊತ್ತೇ ಆಗುವುದಿಲ್ಲ, ಎಲ್ಲರೂ ಜೊತೆಯಲ್ಲೇ ಇಳಿದಿರುತ್ತಾರಲ್ಲ! ಹೆಚ್ಚಾಗಿ ತಪ್ಪುವುದು ಅವರೋಹಣದಲ್ಲಿ: ಕೆಳಗೆ ಬರುವ ಪ್ರತಿ ಹೆಜ್ಜೆಯೂ ಬೇಕಾದ್ದಕ್ಕಿಂತ ಚೂರು ದೊಡ್ಡದಾಗುತ್ತದೆ. ಒಂದೇ ಸ್ವರದಲ್ಲಿ ಐದಾರು ಅಕ್ಷರ ಬರುವ ಕಡೆಯೂ ಹಾಗೆಯೇ, ಕೊನೆಯ ಅಕ್ಷರದ ಹೊತ್ತಿಗೆ ಸ್ವರ ಸೊರಗಿರುತ್ತದೆ. ಅಂಥ ಸಾಲುಗಳನ್ನು ಬೋರ್ಡಿನ ಮೇಲೆ ಬರೆದು, ಇಳಿಯುವ ಅಕ್ಷರಗಳ ತಲೆಯ ಮೇಲೆ ಬಾಣ ಹಾಕಿ, ಅಲ್ಲಿ ಮನಸ್ಸಿನಲ್ಲಿ ಮೇಲಕ್ಕೆ ನೋಡಿ ಅನ್ನುತ್ತಿದ್ದೆವು. ವಿಚಿತ್ರ ಅನ್ನಿಸಿದರೂ ಕೆಲಸ ಮಾಡುತ್ತದೆ.

ಇನ್ನು ಉಚ್ಚಾರ. ಕನ್ನಡದ ಪದಗಳು ಬಹುಪಾಲು ಸ್ವರಾಕ್ಷರದಲ್ಲೇ ಮುಗಿಯುವುದರಿಂದ ದನಿ ಎಳೆಯಲು ಅನುಕೂಲ, ಆದರೆ 16 ಜನರ ಬಾಯಿ 16 ಆಕಾರದಲ್ಲಿ ತೆರೆದಿರುತ್ತದೆ. ನಾಡಗೀತೆಯ ಮೊದಲ ಸಾಲಿನ ಕೊನೆಯ ‘ತನುಜಾತೆ’ಯನ್ನೇ ತೆಗೆದುಕೊಳ್ಳಿ. ಆ ಎಕಾರವನ್ನು ಒಬ್ಬರು ಹಲ್ಲು ಬಿಟ್ಟು ‘ತೇ’ ಅನ್ನುತ್ತಾರೆ, ಇನ್ನೊಬ್ಬರು ಬಾಯಿ ಅಗಲಿಸಿ ‘ತ್ಯಾ’ಕ್ಕೆ ಹತ್ತಿರ ತರುತ್ತಾರೆ. ಸ್ವರಸ್ಥಾನ ಸರಿಯಿದ್ದರೂ ಅಪಸ್ವರವಿದ್ದಂತೆ ಕೇಳುತ್ತದೆ. ಒತ್ತಕ್ಷರದ ಮೇಲೆ ದನಿ ಎಳೆಯುವುದು ಇನ್ನೊಂದು ಸಾಮಾನ್ಯ ತಪ್ಪು. ‘ಕನ್ನಡ’ದಲ್ಲಿ ಎಳೆಯಬೇಕಾದ್ದು ‘ಕ’ದ ಅಕಾರವನ್ನು, ‘ನ್ನ’ ಕೊನೆಯ ಗಳಿಗೆಯಲ್ಲಿ ಎಲ್ಲರ ಬಾಯಿಂದ ಒಟ್ಟಿಗೆ ಬೀಳಬೇಕು. ‘ಕನ್ ಕನ್’ ಎಂದು ಮೂಗಿನಲ್ಲಿ ನಿಂತರೆ ಹಾಡು ಅಲ್ಲೇ ಮುಚ್ಚಿಕೊಳ್ಳುತ್ತದೆ. ಅನುಸ್ವಾರಕ್ಕೂ ಇದೇ ಮಾತು, ತುಟಿ ತಡವಾಗಿ ಮುಚ್ಚಬೇಕು, ಆದರೆ ಎಲ್ಲರದೂ ಒಂದೇ ಸಲ. ಹಕಾರ ನುಂಗುವವರು, ಇಲ್ಲದ ಕಡೆ ಹಕಾರ ಹಚ್ಚುವವರು ಎಲ್ಲ ತಂಡದಲ್ಲೂ ಇಬ್ಬಿಬ್ಬರು ಇದ್ದೇ ಇರುತ್ತಾರೆ. ಹಾಡುವ ಮೊದಲು ಸಾಹಿತ್ಯವನ್ನು ತಾಳಕ್ಕೆ ಸರಿಯಾಗಿ ಬರೀ ಮಾತಿನಲ್ಲಿ ನಾಲ್ಕು ಸಲ ಹೇಳಿಸಿದರೆ ಅವರು ದಾರಿಗೆ ಬರುತ್ತಾರೆ.

ಒಂಟಿಯಾಗಿ ಹಾಡುವಾಗ ಚೆಂದ ಕಾಣುವ ಗಮಕ (ಸ್ವರವನ್ನು ಆಡಿಸುವ ಅಲಂಕಾರ) ಗುಂಪಿನಲ್ಲಿ ಕೆಸರಾಗುತ್ತದೆ. ಎಲ್ಲಿ ಜಾರು, ಎಲ್ಲಿ ನೇರ ಎಂದು ಮೊದಲೇ ಗೊತ್ತುಮಾಡಿಕೊಂಡು ಹೆಚ್ಚಿನವನ್ನು ನೇರ ಹಾಡುವುದೇ ವಾಸಿ. ಹೊಸ ಸಂಗತಿ, ಅಂದರೆ ಅದೇ ಸಾಲನ್ನು ಹಾಡುವ ಬೇರೆ ಬಗೆ, ಹೊಳೆದವರು ಅದನ್ನು ಹಾಸ್ಟೆಲ್ ಬಚ್ಚಲಿಗೆ ಇಟ್ಟುಕೊಳ್ಳಲಿ.

ಎತ್ತುಗಡೆ ಸಮದಲ್ಲಿಲ್ಲದ, ಅಂದರೆ ತಾಳದ ಮೊದಲ ಪೆಟ್ಟಿಗೆ ಶುರುವಾಗದ ಹಾಡುಗಳಲ್ಲಿ ಅರ್ಧ ತಂಡ ಮುಂಚೆಯೇ ಶುರುಮಾಡಿಬಿಡುತ್ತದೆ. ಕೈಸನ್ನೆ ನೋಡಿ ಶುರುಮಾಡುವುದಕ್ಕಿಂತ ಉಸಿರು ನೋಡಿ ಶುರುಮಾಡುವುದು ಭದ್ರ: ಮುಂದಾಳು ಒಂದು ಅಕ್ಷರಕಾಲ (ತಾಳದ ಒಂದು ಎಣಿಕೆ) ಮೊದಲು ಕಾಣುವ ಹಾಗೆ ಉಸಿರೆಳೆದುಕೊಂಡರೆ ಎಲ್ಲರೂ ಜೊತೆಗೆ ಎಳೆದುಕೊಳ್ಳುತ್ತಾರೆ, ಒಟ್ಟಿಗೆ ಎಳೆದ ಉಸಿರು ಒಟ್ಟಿಗೇ ಹೊರಬರುತ್ತದೆ. ಕಾಲಪ್ರಮಾಣ ಓಡುವುದಕ್ಕೆ ತಬಲದವರನ್ನು ಬೈಯುವುದು ವಾಡಿಕೆ. ಆದರೆ ಸಾಲಿನ ಕೊನೆಯ ಎಳೆತವನ್ನು ಪೂರ್ತಿ ಎಣಿಸದೆ ಬಿಡುವ ಹಾಡುಗಾರರೇ ಹೆಚ್ಚಿನ ಸಲ ತಪ್ಪಿತಸ್ಥರು. ನಾಡಗೀತೆಗೆ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ ಮತ್ತು 2 ನಿಮಿಷ 30 ಸೆಕೆಂಡು ಎಂದು ನಿಗದಿ ಮಾಡಿದೆಯಲ್ಲ, ಗಡಿಯಾರ ಹಿಡಿದು ಹಾಡಿ ನೋಡಿ. ಹತ್ತು ಸೆಕೆಂಡು ಮುಂಚೆ ಮುಗಿಯಿತೆಂದರೆ ಆ ಹತ್ತು ಸೆಕೆಂಡು ಸಾಲಿನ ಕೊನೆಗಳಲ್ಲೇ ಕಳೆದುಹೋಗಿರುತ್ತದೆ.

ಮಟ್ಟಿನ ಜೊತೆಗೇ ಬೇರೆ ಸ್ವರದಲ್ಲಿ ಹಾಡುವ ಎರಡನೆಯ ದನಿ ಸೇರಿಸುವ ಆಸೆ ಎಲ್ಲ ತಂಡಕ್ಕೂ ಬರುತ್ತದೆ. ಕರಾವಳಿಯಲ್ಲಿ ಬಾಸೆಲ್ ಮಿಷನ್ ಪರಂಪರೆಯ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ನಾಲ್ಕು ದನಿಯಲ್ಲಿ ಹಾಡುವ ರೂಢಿಯಿದೆ. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ರೂಢಿಯಲ್ಲಿ ಬೆಳೆದವರಿಗೆ ಈ ಕೆಲಸ ನೀರು ಕುಡಿದಷ್ಟು ಸುಲಭ. ಉಳಿದವರು ಮೂರನೆಯ ಸ್ವರವನ್ನು ಮೇಲಿಟ್ಟರಾಯಿತು ಎಂದು ಹೊರಟು ರಾಗ ಕೆಡಿಸಿಕೊಳ್ಳುತ್ತಾರೆ. ಮೋಹನ ರಾಗದಲ್ಲಿ ನೋಡಿ, ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಷಡ್ಜದ ಮೇಲೆ ಗಾಂಧಾರ ಸರಿ; ರಿಷಭದ ಮೇಲೆ ಮಧ್ಯಮ ಬರುತ್ತದೆ, ಪಂಚಮದ ಮೇಲೆ ನಿಷಾದ ಬರುತ್ತದೆ, ಎರಡೂ ಅನ್ಯಸ್ವರ. ರಾಗದ್ದೇ ಐದು ಸ್ವರಗಳಲ್ಲಿ ಒಂದು ಬಿಟ್ಟು ಒಂದು ಹಿಡಿಯಬೇಕು: ಸ ಇದ್ದಾಗ ಗ, ರಿಗೆ ಪ, ಗಕ್ಕೆ ದ, ಪಕ್ಕೆ ಮೇಲಿನ ಸ, ದಕ್ಕೆ ಮೇಲಿನ ರಿ. ಅದೂ ಇಡೀ ಹಾಡಿಗೆ ಬೇಡ, ಕೊನೆಯ ಪಲ್ಲವಿಗೆ ಒಂದು ಸಲ ಸಾಕು.

ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಸಮೂಹ ಗೀತೆಗೆ ಹಾಡುವವರು 6, ಪಕ್ಕವಾದ್ಯದವರು 3, ಹಾಡಲು 10 ನಿಮಿಷ. ಸಿನಿಮಾ ಹಾಡು ನಿಷಿದ್ಧ. ಆರು ಜನರಲ್ಲಿ ಒಬ್ಬರು ತಪ್ಪಿದರೂ ಎದ್ದು ಕಾಣುತ್ತದೆ, ಹದಿನಾರರಲ್ಲಿ ಮುಚ್ಚಿಹೋಗುತ್ತದೆ. ವೇದಿಕೆಯ ದೊಡ್ಡ ಶತ್ರು ಮೈಕು. ಆರು ಜನಕ್ಕೆ ಆರು ಮೈಕು ಕೊಟ್ಟರೆ ವೃಂದ ಹೋಗಿ ಆರು ಗಾಯಕರಾಗುತ್ತಾರೆ, ದನಿ ಕೂಡಿಸುವ ಕೆಲಸ ಸೌಂಡ್ ಬಾಕ್ಸಿನ ಹುಡುಗನ ಪಾಲಾಗುತ್ತದೆ. ಎರಡೇ ಮೈಕು ಕೇಳಿ, ಮೂವರಿಗೊಂದರಂತೆ, ಬಾಯಿಂದ ಒಂದೂವರೆ ಅಡಿ ದೂರ ಇಡಿಸಿ. ಜೋರು ದನಿಯವರು ಅರ್ಧ ಹೆಜ್ಜೆ ಹಿಂದಿರಲಿ. ಮುಂದಿನ ಮಾನಿಟರ್‌ನಲ್ಲಿ ಶ್ರುತಿ ಮಾತ್ರ ಬಿಡಿಸಿಕೊಳ್ಳಿ.

ಉಸಿರಿನ ಮಾತು ಬಾಕಿಯಿದೆ. ಹಾಡಿನ ಕೊನೆಗೆ ಷಡ್ಜವನ್ನು 32 ಅಕ್ಷರಕಾಲ ಹಿಡಿಯಬೇಕೆಂದು ಇಟ್ಟುಕೊಳ್ಳಿ, ಒಬ್ಬರ ಎದೆಗೆ ಅದು ಮೀರಿದ್ದು. ವೃಂದಕ್ಕೆ ಮೀರಿದ್ದಲ್ಲ. ಅಕ್ಕಪಕ್ಕದವರು ಒಟ್ಟಿಗೆ ಉಸಿರೆಳೆಯಬಾರದು, ಪದದ ಸಂದಿಯಲ್ಲಿ ಎಳೆಯಬಾರದು, ದನಿಯನ್ನು ನಿಧಾನಕ್ಕೆ ತಗ್ಗಿಸಿ ಬಿಡಬೇಕು, ಮತ್ತೆ ಸೇರುವಾಗ ಅಷ್ಟೇ ಮೆಲ್ಲಗೆ ಸೇರಬೇಕು. ನಾವು 1, 2, 3 ಎಂದು ಸಂಖ್ಯೆ ಹಂಚಿಕೊಂಡು ಎಂಟು ಅಕ್ಷರಕ್ಕೊಂದು ಸಂಖ್ಯೆಯವರಂತೆ ಸರದಿ ಹಾಕಿಕೊಳ್ಳುತ್ತಿದ್ದೆವು. ಎರಡು ವಾರ ಕಳೆದರೆ ಸಂಖ್ಯೆ ಬೇಕಾಗುವುದಿಲ್ಲ. ಎಡಗಡೆಯವಳ ದನಿ ತೆಳುವಾದದ್ದು ಕಿವಿಗೆ ಬಿದ್ದ ಕೂಡಲೇ ಬಲಗಡೆಯವನು ತನ್ನ ಉಸಿರನ್ನು ಇನ್ನೆರಡು ಅಕ್ಷರ ತಡೆಹಿಡಿದಿರುತ್ತಾನೆ, ಕೇಳುವವರಿಗೆ ಷಡ್ಜ ಎಲ್ಲೂ ಕಡಿದಿರುವುದಿಲ್ಲ.