ಚಿತ್ರದ ಕೆಳಗಿರುವ ಆ ಒಂದು ಸಾಲು

ಮೊನ್ನೆ ಶನಿವಾರ ಎಂಟನೇ ತರಗತಿಯ ಮಕ್ಕಳಿಗೆ 1906ರ ಒಂದು ಸಿನಿಮಾ ತೋರಿಸಿದೆ. ಮೂರು ನಿಮಿಷದ್ದು. ಮಾತಿಲ್ಲ, ಬಣ್ಣವಿಲ್ಲ. ಒಂದು ಕರಿಹಲಗೆ, ಸೀಮೆಸುಣ್ಣ ಹಿಡಿದ ಒಂದು ಕೈ. ಆ ಕೈ ಒಬ್ಬ ಗಂಡಸಿನ ಮುಖ ಬರೆದು ಆಚೆ ಸರಿಯುತ್ತದೆ. ಆಮೇಲೆ ಪಕ್ಕದಲ್ಲಿ ಹೆಂಗಸಿನ ಮುಖ ತಾನೇ ತಾನಾಗಿ ಮೂಡುತ್ತದೆ. ಇಬ್ಬರೂ ಕಣ್ಣು ಹೊರಳಿಸುತ್ತಾರೆ. ಗಂಡಸಿನ ಬಾಯಿಗೆ ಚುಟ್ಟಾ ಬರುತ್ತದೆ, ಅವನು ಬಿಟ್ಟ ಹೊಗೆಯಲ್ಲಿ ಆಕೆಯ ಮುಖವೇ ಮುಚ್ಚಿಹೋಗುತ್ತದೆ.

“ಸರ್, ಇದು ಬೋರ್ಡ್ ಮೇಲೇನಾ ಮಾಡಿರೋದು? ನಮ್ ಬೋರ್ಡ್ ಥರದ್ದೇನಾ?”

ಹೌದು ಅಂದೆ. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನಮ್ಮ ಗೋಡೆಯ ಬೋರ್ಡನ್ನು ನೋಡಿದರು. ಅದರ ಮೇಲೆ ಹಿಂದಿನ ಪೀರಿಯಡ್ಡಿನ ಬೀಜಗಣಿತ ಇನ್ನೂ ಹಾಗೇ ಇತ್ತು.

ನಾನು ತಿಪಟೂರು ಸೀಮೆಯ ಒಂದು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಅನಿಮೇಷನ್ ಕಲಿಸಬೇಕೆಂಬ ಹಂಬಲ ಬಹಳ ದಿನದ್ದು. ಎರಡು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಬರೆದ ಚಿತ್ರಗಳ ನಡುವೆ ಒಂದು ಹಳೇ ಕಾರ್ಟೂನಿನ ತುಣುಕು ಸೇರಿಸಿ ವಿಡಿಯೋ ಮಾಡಿದ್ದೆ. ಆ ತುಣುಕು ಸಿಕ್ಕ ಕಡೆ ‘ಕಾಪಿರೈಟ್ ಇಲ್ಲ’ ಅಂತಲೇ ಬರೆದಿತ್ತು. ಇಂಟರ್ನೆಟ್ಟಿಗೆ ಏರಿಸಿದ ಮೂರನೇ ದಿನಕ್ಕೆ ವಿಡಿಯೋ ಮಾಯ. ಕಾರ್ಟೂನು ಹಳೆಯದೇ, ಆದರೆ ಅದಕ್ಕೆ ಯಾರೋ ಈಚೆಗೆ ಹೊಸ ಸಂಗೀತ ಕೂಡಿಸಿದ್ದರು. ತಕರಾರು ಬಂದಿದ್ದು ಆ ಸಂಗೀತದ್ದು. ಅಜ್ಜಿಗೆ ತೋರಿಸ್ತೀನಿ ಅಂತ ಲಿಂಕ್ ಬರೆದುಕೊಂಡು ಹೋಗಿದ್ದ ಹುಡುಗಿ ಮಾರನೇ ದಿನ ಬಂದು ನನ್ನ ಮೇಜಿನ ಮುಂದೆ ಸುಮ್ಮನೆ ನಿಂತಳು. ಅವಳ ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅಲ್ಲಿಂದಾಚೆಗೆ ಚಿತ್ರಕ್ಕಿಂತ ಮೊದಲು ಅದರ ಕೆಳಗಿರುವ ಹಕ್ಕಿನ ಸಾಲು ಓದುವುದು ನನಗೆ ಅಭ್ಯಾಸವಾಯಿತು. ನೋಡಲು ಸಿಗುವುದು ಬೇರೆ, ಬಳಸಲು ಬಿಟ್ಟಿರುವುದು ಬೇರೆ.

ಮೇಲೆ ಹೇಳಿದ ಸಿನಿಮಾ ಜೇಮ್ಸ್ ಸ್ಟೂವರ್ಟ್ ಬ್ಲ್ಯಾಕ್ಟನ್ ಮಾಡಿದ ‘ಹ್ಯೂಮರಸ್ ಫೇಜಸ್ ಆಫ್ ಫನ್ನಿ ಫೇಸಸ್’. ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಒರಿಜಿನ್ಸ್ ಆಫ್ ಅಮೆರಿಕನ್ ಅನಿಮೇಷನ್’ ಎಂಬ ಸಂಗ್ರಹದಲ್ಲಿದೆ. 1900ರಿಂದ 1921ರವರೆಗಿನ 21 ಚಿತ್ರಗಳು ಮತ್ತು 2 ತುಣುಕುಗಳು ಅಲ್ಲಿವೆ. ಖಾತೆ ತೆರೆಯಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ ಬಿಡುಗಡೆಯಾದ ಮೇಲೆ ಹೆಚ್ಚೆಂದರೆ 95 ವರ್ಷದ ಹಕ್ಕು. ಮಿಕ್ಕಿ ಮೌಸಿನ ‘ಸ್ಟೀಮ್‌ಬೋಟ್ ವಿಲ್ಲಿ’ 1928ರದು, ಅದಕ್ಕೇ 2024ರ ಜನವರಿ 1ಕ್ಕೆ ಅದು ಎಲ್ಲರದಾಯಿತು. ಎಲ್ಲರದಾಗಿದ್ದು ಆ ಚಿತ್ರದಲ್ಲಿರುವ ಇಲಿ ಮಾತ್ರ. ಆಮೇಲಿನ ಚಿತ್ರಗಳಲ್ಲಿ ಅದು ಪಡೆದ ಹೊಸ ರೂಪಗಳಿಗೆ ಅವುಗಳದೇ ಲೆಕ್ಕವಿದೆ, ಜೊತೆಗೆ ಕಂಪನಿಯ ಗುರುತಿನ ಮೇಲಿನ ಹಕ್ಕಾದ ಟ್ರೇಡ್‌ಮಾರ್ಕ್ ಬೇರೆ ಇದೆ.

ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ ದೊಡ್ಡ ಕಣಜ, ನಾನು ವಾರಕ್ಕೆ ಎರಡು ಸಲವಾದರೂ ಹೋಗುತ್ತೇನೆ. ಆದರೆ ಅಲ್ಲಿಗೆ ಯಾರು ಬೇಕಾದರೂ ಏರಿಸಬಹುದು. ಹಾಗಾಗಿ ಅಲ್ಲಿನ ‘ಪಬ್ಲಿಕ್ ಡೊಮೇನ್’ (ಯಾರ ಹಕ್ಕೂ ಇಲ್ಲದ, ಎಲ್ಲರದಾದದ್ದು) ಎಂಬ ಚೀಟಿ ಏರಿಸಿದವರ ಮಾತೇ ಹೊರತು ತೀರ್ಪಲ್ಲ. ಬಿಡುಗಡೆಯಾದ ವರ್ಷ, ದೇಶ, ಹಿನ್ನೆಲೆಯ ಸದ್ದು ಯಾವ ಕಾಲದ್ದು, ಇವಿಷ್ಟನ್ನು ಬೇರೆ ಕಡೆಯೂ ನೋಡಿಕೊಂಡೇ ಮುಂದೆ ಹೋಗಿ. ಮುಕ್ತ ಚಿತ್ರ, ವಿಡಿಯೋಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪ್ರತಿ ಕಡತದ ಕೆಳಗೂ ಯಾವ ಕಾರಣಕ್ಕೆ ಇದು ಮುಕ್ತ ಅಂತ ಬರೆದಿರುತ್ತಾರೆ, ನನಗೆ ಅದು ಬಹಳ ಅನುಕೂಲ.

ನಮ್ಮ ದೇಶದ್ದಕ್ಕೆ ಬಂದರೆ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಸಿನಿಮಾಕ್ಕೆ 60 ವರ್ಷ ಕೊಡುತ್ತದೆ, ಪ್ರಕಟವಾದ ಮುಂದಿನ ಜನವರಿಯಿಂದ ಎಣಿಕೆ. ದೂರದರ್ಶನದಲ್ಲಿ ನೋಡಿ ಬೆಳೆದ ‘ಏಕ್ ಅನೇಕ್ ಔರ್ ಏಕ್ತಾ’ ಕಾರ್ಟೂನು 1974ರದು. ಅಂದರೆ ಅದರ ಅವಧಿ ಮುಗಿಯುವುದು 2034ರ ಕೊನೆಗೆ. ಮನಸಾರೆ ನೋಡಿ, ಆದರೆ ತುಂಡು ಮಾಡಿ ನಿಮ್ಮ ವಿಡಿಯೋಗೆ ಅಂಟಿಸುವ ಮುನ್ನ ಅನುಮತಿ ಕೇಳಿ. ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್‌ನಲ್ಲಿ ಕಾರ್ಟೂನ್ ವಿಭಾಗ ಶುರುವಾಗಿದ್ದು 1956ರಲ್ಲಿ, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮವರಿಗೆ ಕಲಿಸಿದರು. ಆ ಮೊದಮೊದಲ ಚಿತ್ರಗಳ 60 ವರ್ಷ ಈಗ ಕಳೆದಿದೆ. ಅವು ಒಳ್ಳೆಯ ಪ್ರತಿಯಾಗಿ, ವಿವರದ ಸಮೇತ, ಹಳ್ಳಿಯ ಮೇಷ್ಟ್ರೂ ಇಳಿಸಿಕೊಳ್ಳುವ ಹಾಗೆ ಒಂದೇ ಕಡೆ ಸಿಗಬೇಕು ಎಂಬುದು ನನ್ನ ದೊಡ್ಡ ಆಸೆ.

ಅಂದಹಾಗೆ, ಕ್ಲಾಸಿನೊಳಗೆ ಮಕ್ಕಳಿಗೆ ಸಿನಿಮಾ ತೋರಿಸುವುದಕ್ಕೆ ಅದೇ ಕಾಯ್ದೆಯ 52ನೇ ಸೆಕ್ಷನ್ ಜಾಗ ಬಿಟ್ಟಿದೆ. ನೋಡುವವರು ಶಿಕ್ಷಕರು, ಮಕ್ಕಳು, ಪೋಷಕರು, ಶಾಲೆಗೆ ಸಂಬಂಧಪಟ್ಟವರು ಆಗಿದ್ದರಾಯಿತು. ನನ್ನ ತಪ್ಪಾಗಿದ್ದು ತೋರಿಸಿದ್ದರಲ್ಲಲ್ಲ, ಲೋಕಕ್ಕೆಲ್ಲ ಏರಿಸಿದ್ದರಲ್ಲಿ. ನ್ಯಾಷನಲ್ ಫಿಲ್ಮ್ ಬೋರ್ಡ್ ಆಫ್ ಕೆನಡಾದ ತಾಣದಲ್ಲಿ ಅನಿಮೇಷನ್ ಕಲಾವಿದ ನಾರ್ಮನ್ ಮೆಕ್ಲಾರೆನ್ನರ ಚಿತ್ರಗಳನ್ನು ಉಚಿತವಾಗಿ ನೋಡಬಹುದು. ಅವನ್ನು ನೋಡಿ ಕಲಿಯುತ್ತೇವೆ, ಅಷ್ಟಕ್ಕೇ ನಿಲ್ಲಿಸುತ್ತೇವೆ.

ಬಿಚ್ಚಿ ನೋಡಲು ಬೇಕೆನ್ನುವ ಮಕ್ಕಳಿಗೆ, ಅನಿಮೇಷನ್ ಮಾಡುವ ಉಚಿತ ತಂತ್ರಾಂಶ ಬ್ಲೆಂಡರ್‌ನವರು ಇದ್ದಾರೆ. ‘ಬಿಗ್ ಬಕ್ ಬನ್ನಿ’ (2008), ‘ಸಿಂಟೆಲ್’ (2010) ಚಿತ್ರಗಳ ಜೊತೆಗೆ ಅವುಗಳನ್ನು ಮಾಡಿದ ಕಡತಗಳನ್ನೂ ಬಿಟ್ಟುಕೊಟ್ಟಿದ್ದಾರೆ. ಹೆಸರು ಹೇಳಿ ಬಳಸಿ, ಅಷ್ಟೇ ಷರತ್ತು. ಒಂದು ಪಾತ್ರದ ಮೈಯೊಳಗಿನ ಮೂಳೆಗಳನ್ನು ತೆರೆದು ಕೈ ಎತ್ತಿಸಿ ನೋಡಿದ ಹುಡುಗನ ಕಣ್ಣು ನೀವು ನೋಡಬೇಕಿತ್ತು. ಅಮೆರಿಕದ ಅನಿಮೇಷನ್ ಕಲಾವಿದೆ ನೀನಾ ಪೇಲಿ ತಮ್ಮ ‘ಸೀತಾ ಸಿಂಗ್ಸ್ ದ ಬ್ಲೂಸ್’ ಚಿತ್ರವನ್ನು ಪೂರ್ತಿ ಲೋಕಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಮುಂಚೆ ಅದರಲ್ಲಿರುವ 1920ರ ದಶಕದ ಹಾಡುಗಳ ಹಕ್ಕಿಗಾಗಿ ಸುಮಾರು 50,000 ಡಾಲರ್ ತೆರಬೇಕಾಯಿತು. ಚಿತ್ರ ತಮ್ಮದೇ ಆದರೂ ಹಾಡು ಬೇರೆಯವರದು! ಇದನ್ನು ಓದಿದಾಗ ನನ್ನ ಮಾಯವಾದ ವಿಡಿಯೋ ನೆನಪಾಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ವಸ್ತು ಸಿನಿಮಾ ಅಲ್ಲ, ಪುಸ್ತಕ. ಎಡ್ವಿನ್ ಲುಟ್ಜ್ 1920ರಲ್ಲಿ ಬರೆದ ‘ಅನಿಮೇಟೆಡ್ ಕಾರ್ಟೂನ್ಸ್’. ವಾಲ್ಟ್ ಡಿಸ್ನಿ ಹುಡುಗನಾಗಿದ್ದಾಗ ಕಾನ್ಸಾಸ್ ಸಿಟಿಯ ಲೈಬ್ರರಿಯಿಂದ ತಂದು ಓದಿದ್ದು ಇದನ್ನೇ. ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟಪುಟವೂ ಇದೆ. ಹಾಳೆಗಳು ಅಲುಗದಂತೆ ಗೂಟಕ್ಕೆ ಸಿಕ್ಕಿಸಿ, ಕೆಳಗಿನಿಂದ ಬೆಳಕು ಬಿಟ್ಟು ಬರೆಯುವ ಕ್ರಮ ಅದರಲ್ಲಿದೆ. ನಾವೂ ಒಂದು ಮರದ ಹಲಗೆಯಲ್ಲಿ ಚೌಕ ಕೊಯ್ದು, ಹಳೇ ಫೋಟೋ ಫ್ರೇಮಿನ ಗಾಜು ಕೂರಿಸಿ, ಅಂಚಿಗೆ ಎರಡು ಮೊಳೆ ಹೊಡೆದೆವು. ಹಾಳೆಗೆ ಆಫೀಸಿನ ಪಂಚಿಂಗ್ ಮಷೀನಿನ ತೂತು, ಗಾಜಿನ ಕೆಳಗೆ ನನ್ನ ಮೊಬೈಲಿನ ಟಾರ್ಚು.

ಬ್ಲ್ಯಾಕ್ಟನ್ನನ ಚಿತ್ರದ ಕೊನೆಗೆ ಒಬ್ಬ ಜೋಕರ್ ಬರುತ್ತಾನೆ. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುವಾಗ ಹಿಂದಿನ ಬೆಂಚಿನವಳು ಎದ್ದು ಬಂದು ಗೋಡೆಯ ಮೇಲೆ ಬೆರಳಿಟ್ಟಳು. “ಸರ್, ಈ ಕೈ ಸೀಮೆಸುಣ್ಣ ಅಲ್ಲ. ಕತ್ತರಿಸಿದ ಕಾಗದ.” ನಿಜ. ಜೋಕರನ ಕೈಕಾಲು ಕಾಗದದವು, ಸರಿಸಿ ಸರಿಸಿ ಫೋಟೋ ಹಿಡಿದದ್ದು. ನೂರು ವರ್ಷ ದಾಟಿದ ಗುಟ್ಟನ್ನು ಅವಳು ತಾನೇ ಕಂಡುಕೊಂಡಳು.

ಬೀಜಗಣಿತ ಅಳಿಸಿ, ಅದೇ ಬೋರ್ಡಿನ ಮೇಲೆ ಎರಡು ತೆಂಗಿನಮರ, ಒಬ್ಬ ಕಾಯಿ ಕೀಳುವವನನ್ನು ಬರೆದು 40 ಸೆಕೆಂಡಿನ ಸಿನಿಮಾ ಮಾಡಿದೆವು. ಹತ್ತುವವನ ಕೈಕಾಲು ಕಾಗದದ್ದು. ಸದ್ದಿಗೆ ಮಕ್ಕಳೇ ಡೆಸ್ಕ್ ಬಡಿದರು, ಕಾಯಿ ಬೀಳುವಾಗ ಒಬ್ಬ ಚೀಲವನ್ನು ನೆಲಕ್ಕೆ ಕುಕ್ಕಿದ. ಕೊನೆಯ ಫೋಟೋ ತೆಗೆಯುವ ಮೊದಲು ಅವರೇ ಬೋರ್ಡಿನ ಕೆಳಗೆ ಸೀಮೆಸುಣ್ಣದಲ್ಲಿ ಬರೆದರು: ‘ಯಾರು ಬೇಕಾದರೂ ಬಳಸಬಹುದು. 8ನೇ ಬಿ ಅಂತ ಹೆಸರು ಹಾಕಿ.’