ಪುಟ್ಟ ಎಂಜಿನ್‌ಗೆ ಯಾವ ಕಿಡಿ?

17 ನವೆಂಬರ್ 2024, ಭಾನುವಾರ

ಎಂಜಿನ್‌ನ ಲೇತ್ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಬೋರ್ (ಸಿಲಿಂಡರ್‌ನ ಒಳವ್ಯಾಸ) 25 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 30 ಮಿಮೀ, ಅಂದರೆ 15 ಸಿಸಿಗೆ ಚೂರು ಕಡಿಮೆ. ಪೆಟ್ರೋಲ್, ನಾಲ್ಕು ಸ್ಟ್ರೋಕ್, ಎರಡೂ ಬದಿಗೆ ಭಾರದ ಫ್ಲೈವೀಲ್. ಇದು ನಿಧಾನವಾಗಿ ಓಡಬೇಕು, ನಿಮಿಷಕ್ಕೆ 600 ಸುತ್ತಿನ ಆಸುಪಾಸಿನಲ್ಲಿ. ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಬೇಕು ಅನ್ನುವುದೇ ಇದನ್ನು ಕಟ್ಟಿದ ಉದ್ದೇಶ. ಇವತ್ತು ಕೂತು ಕಿಡಿಯ ಏರ್ಪಾಡು ತೀರ್ಮಾನ ಮಾಡಿದೆ.

ಮೊದಲು ತಲೆಗೆ ಬರುವುದು ಗ್ಯಾಸ್ ಲೈಟರ್‌ನ ಪೀಜೋ, ಅಂದರೆ ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟಿಸುವ ಹರಳು. ಬ್ಯಾಟರಿ ಬೇಡ, ಒತ್ತಿದರೆ ಟಕ್ ಎಂದು ಕಿಡಿ. ಒಲೆಗೆ, ಬರ್ನರ್‌ಗೆ ಅದಕ್ಕಿಂತ ಸುಲಭದ್ದು ಇಲ್ಲ. ಆದರೆ ಒಂದು ಒತ್ತಿಗೆ ಒಂದೇ ಕಿಡಿ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೊಂದು ಕಿಡಿ, ಹಾಗಾಗಿ 600 ಸುತ್ತಿನ ಓಟಕ್ಕೆ ನಿಮಿಷಕ್ಕೆ 300 ಕಿಡಿ ಬೇಕು. ಪ್ರತಿಸಲ ಹರಳಿಗೆ ಪೆಟ್ಟು ಕೊಡುವ ಯಂತ್ರವನ್ನೇ ಬೇರೆ ಕಟ್ಟಬೇಕಾಗುತ್ತದೆ. ಬಿಟ್ಟೆ. ಮಾಡೆಲ್ ವಿಮಾನದವರು ಬಳಸುವ, ಕಿಡಿಯ ಬದಲು ಕೆಂಪಗೆ ಕಾದ ತಂತಿಯಿಂದ ಹತ್ತಿಸುವ ಗ್ಲೋ ಪ್ಲಗ್‌ಗೆ ಮೆಥನಾಲ್ ಬೇಕು, ಜೊತೆಗೆ ಹತ್ತಿಕೊಳ್ಳುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಅದೂ ಬೇಡ.

ಮ್ಯಾಗ್ನೆಟ್ ತಿರುಗಿಸಿ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೋ ಮೇಲೆ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೋ ಮಾಡಿದ ಮೇಲೆ ಎಷ್ಟೋ ಎಂಜಿನ್‌ಗಳು ಬ್ಯಾಟರಿಯ ಹಂಗಿಲ್ಲದೆ ಓಡಿವೆ. ನೋಡುವುದಕ್ಕೂ ಚೆಂದ. ಆದರೆ ಮ್ಯಾಗ್ನೆಟ್ ನಿಧಾನವಾಗಿ ತಿರುಗಿದರೆ ಕಿಡಿ ಬಡಕಲಾಗುತ್ತದೆ, ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವಾಗಲೇ ಕೈಕೊಡುತ್ತದೆ. ಅದಕ್ಕಾಗಿಯೇ ಹಳೆಯ ಮ್ಯಾಗ್ನೆಟೋಗಳಲ್ಲಿ ಸ್ಪ್ರಿಂಗ್ ಹಿಡಿದಿಟ್ಟು, ತಟ್ಟನೆ ಬಿಟ್ಟು ತಿರುಗಿಸುವ ಜೋಡಣೆ ಇರುತ್ತಿತ್ತು. ಅಷ್ಟು ಚಿಕ್ಕದರಲ್ಲಿ ಅದನ್ನೂ ಮಾಡಿ, ಕೂದಲಿನಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತುವ ತಾಳ್ಮೆ ನನಗಿಲ್ಲ.

ಉಳಿದದ್ದು ಎರಡು: ಸಿಡಿಐ (ಕೆಪಾಸಿಟರ್‌ನಲ್ಲಿ ತುಂಬಿಟ್ಟ ಚಾರ್ಜನ್ನು ಒಮ್ಮೆಲೇ ಬಿಟ್ಟು ಕಿಡಿ ಹಾರಿಸುವುದು) ಮತ್ತು ಮಾಮೂಲಿ ಇಗ್ನಿಷನ್ ಕಾಯಿಲ್ (ತಂತಿ ಸುರುಳಿಯಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದು ಕಿಡಿ ಹಾರಿಸುವುದು).

ಸಿಡಿಐನಲ್ಲಿ ಕೆಪಾಸಿಟರ್ ಚಾರ್ಜ್ ಆಗಿ ಸಿದ್ಧವಾಗಿರುತ್ತದೆ. 1 ಮೈಕ್ರೋಫ್ಯಾರಡ್ ಕೆಪಾಸಿಟರ್ 300 ವೋಲ್ಟ್‌ಗೆ ತುಂಬಿದರೆ 45 ಮಿಲಿಜೂಲ್. ಪೆಟ್ರೋಲ್ ಆವಿ ಮತ್ತು ಗಾಳಿ ಸರಿಯಾಗಿ ಬೆರೆತಿದ್ದರೆ ಹತ್ತಿಕೊಳ್ಳಲು 1 ಮಿಲಿಜೂಲ್ ಕೂಡ ಬೇಕಿಲ್ಲ. ಹಾಗಾದರೆ ಬೇಕಾದಷ್ಟಾಯಿತು, ಅಲ್ವಾ? ತೊಡಕು ಇರುವುದು ಕಿಡಿಯ ಆಯಸ್ಸಿನಲ್ಲಿ. ಸಿಡಿಐ ಕಿಡಿ ಚುರುಕಾಗಿ ಹುಟ್ಟಿ ಅಷ್ಟೇ ಬೇಗ ಸಾಯುತ್ತದೆ, ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ. ಕಾಯಿಲ್ ಕಿಡಿ ಒಂದೆರಡು ಮಿಲಿಸೆಕೆಂಡ್ ಉರಿಯುತ್ತದೆ. ನನ್ನ ಎಂಜಿನ್‌ನ ಕಾರ್ಬ್ಯುರೇಟರ್ ಸಾದಾ ಸೂಜಿ ವಾಲ್ವ್. ನಿಧಾನ ಓಟದಲ್ಲಿ ಮಿಶ್ರಣ ಒಂದೇ ಸಮ ಇರುವುದಿಲ್ಲ. ಕಿಡಿ ಹಾರಿದ ಗಳಿಗೆಯಲ್ಲಿ ಪ್ಲಗ್‌ನ ಬಾಯಲ್ಲಿ ತೆಳು ಮಿಶ್ರಣ ಇದ್ದರೆ ಆ ಹೊಡೆತ ಹೋದಂತೆಯೇ. ಕಿಡಿ ಸ್ವಲ್ಪ ಹೊತ್ತು ಉರಿಯುತ್ತಿದ್ದರೆ ಅಷ್ಟರಲ್ಲಿ ಒಳ್ಳೆಯ ಮಿಶ್ರಣ ಸುಳಿದು ಬರುವ ಅವಕಾಶ ಜಾಸ್ತಿ.

ಸಿಡಿಐಯನ್ನು ಬೈಯುತ್ತಿಲ್ಲ. ಎಣ್ಣೆ ಹತ್ತಿ ಕೊಳಕಾದ ಪ್ಲಗ್‌ನಲ್ಲೂ ಅದು ಕಿಡಿ ಹಾರಿಸುತ್ತದೆ, ಸಾವಿರಗಟ್ಟಲೆ ಸುತ್ತಿಗೂ ಸುಸ್ತಾಗುವುದಿಲ್ಲ. ಬೇಗ ಓಡುವ ಎಂಜಿನ್ ಆಗಿದ್ದರೆ ಕಣ್ಣುಮುಚ್ಚಿ ಅದನ್ನೇ ಹಾಕುತ್ತಿದ್ದೆ. ಬಳಸುವವರು ನೆನಪಿಡಬೇಕಾದದ್ದು: ಸ್ವಿಚ್ ಆರಿಸಿದ ಮೇಲೂ ಆ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಸುಮ್ನೆ ಕೈ ಹಾಕಬಾರದು.

ನನ್ನ ನಿಧಾನದ ಎಂಜಿನ್‌ಗೆ ಕಾಯಿಲ್ಲೇ ಸರಿ, ಅದರ ಲೆಕ್ಕಕ್ಕೆ ಬರೋಣ. ನನ್ನ ಹತ್ತಿರ ಇರುವುದು 12 ವೋಲ್ಟ್‌ನದು. ಪ್ರೈಮರಿ, ಅಂದರೆ ಬ್ಯಾಟರಿ ಕಡೆಯ ಸುರುಳಿ, ಸುಮಾರು 3 ಓಮ್, 8 ಮಿಲಿಹೆನ್ರಿ. ಕರೆಂಟ್ ಪೂರ್ತಿ 4 ಆಂಪಿಯರ್‌ಗೆ ಏರಿದರೆ ಅದರಲ್ಲಿ 64 ಮಿಲಿಜೂಲ್ ಸೇರಿರುತ್ತದೆ. ಹೆಚ್ಚುಕಡಿಮೆ ಅಷ್ಟಕ್ಕೆ ಏರುವುದಕ್ಕೆ 8 ಮಿಲಿಸೆಕೆಂಡ್ ಸಾಕು. ಆದರೆ 600 ಸುತ್ತಿನ ಓಟದಲ್ಲಿ, ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್ ಒಂದು ಸುತ್ತು ಬರಲು 200 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹಳೆಯ ಕಾರಿನವರ ಹಾಗೆ ಪಾಯಿಂಟ್ (ಕ್ಯಾಮ್ ತೆರೆದು ಮುಚ್ಚುವ ಪುಟ್ಟ ಸ್ವಿಚ್) ಬಹಳ ಹೊತ್ತು ಮುಚ್ಚಿಕೊಂಡಿದ್ದರೆ ಕಾಯಿಲ್ ಸುಮ್ಮನೆ ಬಿಸಿಯಾಗುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಹಾಗಾಗಿ ಕ್ಯಾಮ್‌ನ 20 ಡಿಗ್ರಿಯಷ್ಟು ಮಾತ್ರ ಪಾಯಿಂಟ್ ಮುಚ್ಚುವಂತೆ ಮಾಡುತ್ತೇನೆ. 600ಕ್ಕೆ 11 ಮಿಲಿಸೆಕೆಂಡ್ ಸಿಗುತ್ತದೆ. 1200ಕ್ಕೆ ಏರಿದರೂ ಐದೂವರೆ ಸಿಗುತ್ತದೆ, ಆಗಲೂ ಮುಕ್ಕಾಲು ಪಾಲು ಶಕ್ತಿ ಇರುತ್ತದೆ.

ಪಾಯಿಂಟ್ ಯಾಕೆ, ಮ್ಯಾಗ್ನೆಟ್ ಹತ್ತಿರ ಬಂದರೆ ಸನ್ನೆ ಕೊಡುವ ಹಾಲ್ ಸೆನ್ಸರ್ ಯಾಕಲ್ಲ? ಪಾಯಿಂಟ್ ಆದರೆ ಕಣ್ಣಿಗೆ ಕಾಣುತ್ತದೆ. ತೆರೆಯುವ ಗಳಿಗೆಯಲ್ಲಿ ಕಿಡಿ. ಬಲ್ಬ್ ಒಂದನ್ನು ಸಿಕ್ಕಿಸಿದರೆ ಟೈಮಿಂಗ್ ಹೊಂದಿಸಬಹುದು. ಸೆನ್ಸರ್ ಕೆಟ್ಟರೆ ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ಹಾಗಂತ 4 ಆಂಪಿಯರ್ ಅನ್ನು ಪಾಯಿಂಟ್ ಮೇಲೆ ಹೊರಿಸುವುದಿಲ್ಲ, ಅದು ಸುಟ್ಟುಕೊಳ್ಳುತ್ತದೆ. ಕಾಯಿಲ್ ಕರೆಂಟ್ ಕಡಿಯುವ ಕೆಲಸ ಇಗ್ನಿಷನ್ ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗೆ, ಪಾಯಿಂಟ್ ಬರೀ ಸನ್ನೆ ಮಾಡುತ್ತದೆ. ಆದರೂ ಪಾಯಿಂಟ್‌ನಲ್ಲಿ 150 ಮಿಲಿಆಂಪಿಯರ್‌ನಷ್ಟಾದರೂ ಹರಿಸಬೇಕು. ತೀರಾ ಕಡಿಮೆ ಹರಿದರೆ ಎಣ್ಣೆಯ ತೆಳು ಪದರ ಕೂತು ಪಾಯಿಂಟ್ ಮುಚ್ಚಿದರೂ ಮುಚ್ಚಿದಂತಾಗುವುದಿಲ್ಲ.

ಇನ್ನೊಂದು ಕಿರಿಕಿರಿ. ಎಂಜಿನ್ ನಿಲ್ಲುವಾಗ ಕೊನೆಯ ಕಂಪ್ರೆಷನ್ ಫ್ಲೈವೀಲನ್ನು ಹಿಂದಕ್ಕೆ ನೂಕುತ್ತದೆ. ಪಾಯಿಂಟ್ ಮುಚ್ಚಿರುವುದೂ ಆ ಜಾಗದಲ್ಲೇ. ಸ್ವಿಚ್ ಆರಿಸದೆ ಹೋದರೆ ಕಾಯಿಲ್ ಬಿಸಿಯಾಗುತ್ತಾ ಕೂರುತ್ತದೆ. ಕಾಯಿಲ್‌ಗೆ ಕರೆಂಟ್ ಹೋಗುತ್ತಿದ್ದರೆ ಉರಿಯುವ ಕೆಂಪು ಎಲ್‌ಇಡಿ ಒಂದು ಇರಲೇಬೇಕು.

ಪ್ಲಗ್ ಅಂತರ 0.5 ಮಿಮೀ. ಹೊರಗಿನ ಗಾಳಿಯಲ್ಲಿ ಕಿಡಿ ಕಂಡರೆ ಖುಷಿಪಡುವಂತಿಲ್ಲ. ಒತ್ತಡ ಏರಿದಷ್ಟೂ ಅದೇ ಅಂತರ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೆ ಪರೀಕ್ಷೆಗೆ ಬೇರೆ ಪ್ಲಗ್ ಇಟ್ಟು, ಅಂತರವನ್ನು 5 ಮಿಮೀವರೆಗೆ ಅಗಲಿಸಿ, ಬಾಡಿಯನ್ನು ಗಟ್ಟಿಯಾಗಿ ಅರ್ತ್ ಮಾಡಿ ನೋಡುತ್ತೇನೆ. ಅಲ್ಲೂ ಹಾರಿದರೆ ಸಿಲಿಂಡರ್ ಒಳಗೆ ಹಾರುತ್ತದೆ ಎಂಬ ಧೈರ್ಯ ಬರುತ್ತದೆ. ಆ ಹೊತ್ತಿಗೆ ಪೆಟ್ರೋಲ್ ಡಬ್ಬಿ ಕೋಣೆಯ ಹೊರಗೆ.

ಟೈಮಿಂಗ್ ಓಟಕ್ಕೆ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) 12 ಡಿಗ್ರಿ ಮುಂಚೆ ಇಟ್ಟುಕೊಂಡು ನೋಡುವುದು. ಕೈಯಲ್ಲಿ ತಿರುಗಿಸುವಾಗ ಮಾತ್ರ ಅಷ್ಟು ಮುಂಚೆ ಬೇಡ, ಫ್ಲೈವೀಲ್ ಹಿಂದಕ್ಕೆ ಒದ್ದು ಬೆರಳು ಮುರಿಯಬಹುದು. ಪಾಯಿಂಟ್ ಕೂರುವ ತಟ್ಟೆಯನ್ನೇ ಆಚೀಚೆ ತಿರುಗಿಸುವ ಹಿಡಿ ಮಾಡಿದರೆ ಎರಡಕ್ಕೂ ಆಯಿತು. ತಟ್ಟೆಗೆ ಹಿತ್ತಾಳೆ ತುಂಡು ಎತ್ತಿಟ್ಟಿದ್ದೇನೆ. ಮುಂದಿನ ವಾರ ಮೊದಲು ಕ್ಯಾಮ್ ಕೆತ್ತಬೇಕು.